ಅಂಕನಬೋರೆಯಲ್ಲಿ ನೆಟ್ಟ ಛತ್ರಿ

ದಸರೆಯ ರಜೆ ಶುರುವಾದ ಮರುದಿನವೇ ನಾನು ಬೆಂಗಳೂರಿನಿಂದ ಮಳವಳ್ಳಿಗೆ ಹೊರಟೆ. ಯುದ್ಧ ಇನ್ನೂ ಮುಗಿದಿರಲಿಲ್ಲ, ರೈಲಿನಲ್ಲಿ ಸಿಪಾಯಿಗಳೂ ಅವರ ಟ್ರಂಕುಗಳೂ ತುಂಬಿದ್ದವು. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕೂರುವ ಮಾತಿರಲಿ, ಎರಡು ಕಾಲನ್ನೂ ಒಟ್ಟಿಗೆ ಊರಲು ಜಾಗ ಸಿಕ್ಕಿದ್ದು ಚನ್ನಪಟ್ಟಣ ದಾಟಿದ ಮೇಲೆ. ನನ್ನ ಹತ್ತಿರ ಇದ್ದದ್ದು ಒಂದು ಬಟ್ಟೆಯ ಚೀಲ ಮತ್ತು ಒಂದು ಛತ್ರಿ. ಛತ್ರಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದು ಮದುವೆಯಲ್ಲಿ ಮಾವನವರು ಕೊಟ್ಟದ್ದು. ಕೊಕ್ಕೆಯಂತೆ ಬಾಗಿದ ಬೆತ್ತದ ಹಿಡಿ. ಮೂರು ಸಲ ಬಟ್ಟೆ ಬದಲಾಯಿಸಿದ್ದೇನೆ, ಕಡ್ಡಿ ಮಾತ್ರ ಒಂದೂ ಹೋಗಿಲ್ಲ. ನಮ್ಮ ಹೆಡ್‌ಮಾಸ್ತರರು ಒಮ್ಮೆ ಎರವಲು ಕೇಳಿದಾಗ ಕಡ್ಡಿ ಮುರಿದಿದೆ ಎಂದು ಮುಖದ ಮೇಲೇ ಸುಳ್ಳು ಹೇಳಿದವನು ನಾನು.

ಹೊರಟದ್ದು ಭೂಮಿ ನೋಡುವುದಕ್ಕೆ. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು. ಮದುವೆಯಾದಾಗಿನಿಂದ ಆರು ಬಾಡಿಗೆ ಮನೆ ಬದಲಾಯಿಸಿದ್ದೇವೆ. ಪ್ರತಿ ಸಲವೂ ನನ್ನ ಹೆಂಡತಿ ತುಳಸಿಯ ಕುಂಡವನ್ನು ಮಡಿಲಲ್ಲಿ ಇಟ್ಟುಕೊಂಡು ಜಟಕಾದಲ್ಲಿ ಕೂರುತ್ತಾಳೆ, ನಾನು ಅವಳ ಮುಖ ನೋಡದೆ ಕುದುರೆಯ ಬಾಲ ನೋಡುತ್ತಾ ಕೂರುತ್ತೇನೆ. ಹೀಗಿರುವಾಗ ಅವಳ ತಮ್ಮ ಶ್ರೀಕಂಠನಿಂದ ಕಾಗದ ಬಂತು. ಶ್ರೀಕಂಠ ಮಳವಳ್ಳಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಊರಿನಿಂದ ನಾಲ್ಕು ಮೈಲಿ ಈಚೆಗೆ ಅಂಕನಬೋರೆ ಎಂಬ ಎತ್ತರದ ಬಯಲಿದೆ, ಸರ್ಕಾರಿ ಜಾಗ, ಬೀಳು ಬಿದ್ದಿದೆ, ಹೆಚ್ಚು ಧಾನ್ಯ ಬೆಳೆಯಲಿ ಎಂದು ಸರ್ಕಾರ ಇಂಥ ಬೀಳನ್ನು ಅರ್ಜಿ ಹಾಕಿದವರಿಗೆ ಮಂಜೂರು ಮಾಡುತ್ತಿದೆ, ಕೈ ಚಾಚಿದರೆ ಹತ್ತು ಎಕರೆ ನಮ್ಮದು ಎಂದು ಬರೆದಿದ್ದ. ಅರ್ಜಿಯನ್ನೂ ಅವನೇ ಬರೆದು ಕಳಿಸಿದ್ದ. ನಾನು ರುಜು ಹಾಕಿ ಅಂಚೆಗೆ ಹಾಕಿದ್ದೆ.

"ಬರುವಾಗ ನಮ್ಮ ಭೂಮಿಯ ಒಂದು ಹಿಡಿ ಮಣ್ಣು ತನ್ನಿ. ತುಳಸಿಗೆ ಹಾಕೋಣ," ಎಂದಿದ್ದಳು ಹೆಂಡತಿ, ಬಾಗಿಲಲ್ಲಿ ನಿಂತು. 'ನಮ್ಮ ಭೂಮಿ' ಎಂದು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು.

ಮದ್ದೂರಿನಲ್ಲಿ ಇಳಿದಾಗ ಹತ್ತೂವರೆ. ಸ್ಟೇಷನ್ನಿನಲ್ಲಿ ಎರಡು ವಡೆ ತಿಂದೆ. ಯುದ್ಧ ಬಂದ ಮೇಲೆ ವಡೆಯೂ ತೆಳ್ಳಗಾಗಿದೆ ಎಂದು ಮಾರುವವನಿಗೆ ಹೇಳಿದೆ, ಅವನು ಕೇಳಿಸದವನಂತೆ ಮುಂದಿನ ಡಬ್ಬಿಗೆ ಹೋದ. ಮಳವಳ್ಳಿಯ ಬಸ್ಸು ಹೊರಗೆ ನಿಂತಿತ್ತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಡ್ರೈವರು, ಮೆಕ್ಯಾನಿಕ್ಕು ಎರಡೂ ಆಗಿದ್ದವರು ಮಳವಳ್ಳಿಯ ಬುಡನ್ ಸಾಬರು. ಗಡ್ಡಕ್ಕೆಲ್ಲ ಮಸಿ ಮೆತ್ತಿಕೊಂಡು ಅರ್ಧ ಗಂಟೆ ಗಾಳಿಯ ಚಕ್ರ ತಿರುವಿದ ಮೇಲೆ ಬಸ್ಸು ಒಮ್ಮೆ ಕೆಮ್ಮಿ ಹೊರಟಿತು. ದೂರ ಹದಿನಾರು ಮೈಲಿ. ಟಿಕೆಟ್ಟು ಆರಾಣೆ.

ದಾರಿಯಲ್ಲಿ ಒಂದು ದೊಡ್ಡ ಏರು ಬಂತು. ಬಸ್ಸು ಮಧ್ಯದಲ್ಲೇ ನಿಂತಿತು.

"ಎಲ್ಲಾ ಇಳೀರಿ ಸಾಮಿ. ಗಾಡಿಗೆ ಉಸ್ರು ಸಾಲ್ದು," ಎಂದರು ಸಾಬರು.

ನನಗೆ ರೇಗಿತು. "ನಾನು ಟಿಕೆಟ್ಟು ಕೊಂಡದ್ದು ಕೂರುವುದಕ್ಕೆ, ನಡೆಯುವುದಕ್ಕಲ್ಲ," ಎಂದೆ.

"ಅಂಗಾದ್ರೆ ಕೂತ್ಕಳಿ ಸಾಮಿ. ನೀವೂ ಬಸ್ಸೂ ಇಲ್ಲೇ ಕೂತಿರಿ. ನಾವೆಲ್ಲಾ ಮಳವಳ್ಳಿಗೆ ನಡ್ಕಂಡು ಓಯ್ತೀವಿ."

ಬಸ್ಸೆಲ್ಲ ನಕ್ಕಿತು. ನಾನು ಇಳಿದೆ. ಏರಿನ ನೆತ್ತಿ ತಲುಪಿ ಬಲಕ್ಕೆ ತಿರುಗಿ ನೋಡಿದಾಗ ಮಾತ್ರ ಸಿಟ್ಟೆಲ್ಲ ಇಳಿದುಹೋಯಿತು. ರಸ್ತೆಯ ಅಂಚಿನಿಂದ ಶುರುವಾಗಿ ಕಣ್ಣು ಹೋಗುವಷ್ಟು ದೂರ ಸೊಂಟದೆತ್ತರದ ಹುಲ್ಲು. ಗಾಳಿ ಬಂದಾಗ ಇಡೀ ಬಯಲು ಒಂದೇ ಕಡೆಗೆ ಬಾಗುತ್ತಿತ್ತು. ಅದರ ನಡುವೆ ಬ್ಲಫಿನ ವಿದ್ಯುತ್ ಕೇಂದ್ರದಿಂದ ಬರುವ ಕರೆಂಟಿನ ಕಂಬಗಳು ಸಾಲಾಗಿ ನಡೆದುಹೋಗಿದ್ದವು. ಒಂದು ದನವಿಲ್ಲ, ಒಂದು ಕುರಿಯಿಲ್ಲ, ಒಬ್ಬ ಮನುಷ್ಯನಿಲ್ಲ.

"ಇದೇನಾ ಅಂಕನಬೋರೆ?" ಎಂದು ಸಾಬರನ್ನು ಕೇಳಿದೆ.

"ಊಂ, ಇದೇಯ," ಎಂದರು ಅವರು, ಒಲೆಗೆ ಇದ್ದಿಲು ಸುರಿಯುತ್ತಾ.

ಶ್ರೀಕಂಠನ ಮನೆಯಲ್ಲಿ ಆ ಸಂಜೆ ಅಕ್ಕಿರೊಟ್ಟಿ, ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ. ಬೆಂಗಳೂರಿನಲ್ಲಿ ಬೆಣ್ಣೆ ಎಂದು ಮಾರುವುದನ್ನು ತಿಂದು ನಾಲಗೆ ಕೆಟ್ಟಿತ್ತು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ, ಬೆಣ್ಣೆಯ ಆಸೆಗೆ. ಹಳ್ಳಿಯಿಂದ ಒಬ್ಬಳು ತಂದುಕೊಡುತ್ತಾಳೆ, ಹುಲ್ಲಿನ ರುಚಿ ಅದು ಎಂದಳು ಶ್ರೀಕಂಠನ ಹೆಂಡತಿ.

ಶ್ರೀಕಂಠ ಅಷ್ಟರಲ್ಲೇ ನನ್ನನ್ನು ಜಮೀನ್ದಾರನನ್ನಾಗಿ ಮಾಡಿಬಿಟ್ಟಿದ್ದ. "ಕೊತ್ತತ್ತಿ ಕಡೆ ಒಂದ್ಸಲ ಹೋಗಿ ನೋಡಿ ಭಾವ. ನಾಲೆ ಬರೋಕೆ ಮುಂಚೆ ಅಲ್ಲೇನಿತ್ತು? ಈಗ ಕಬ್ಬು ಆಳೆತ್ತರ ನಿಂತಿದೆ. ಇಲ್ಲಿಗೂ ಒಂದಲ್ಲ ಒಂದು ದಿನ ನೀರು ಹತ್ತುತ್ತೆ. ಅಲ್ಲೀವರೆಗೆ ರಾಗಿ ಹಾಕೋಣ. ನಾಳೆ ನೀವು ಸುತ್ತಾಡಿಕೊಂಡು ಬನ್ನಿ. ನಾಳಿದ್ದು ಶೇಕ್ದಾರರು ಸ್ಥಳ ತನಿಖೆಗೆ ಬರ್ತಾರೆ, ನಾನೇ ಕರ್ಕೊಂಡು ಬರ್ತೀನಿ. ಒಂದು ಹಸೂನೂ ಮೇಯದ ಜಾಗ ಅಂತ ಅವರು ಕಣ್ಣಾರೆ ನೋಡಿ ಬರ್ಕೊಂಡ್ರೆ ಸಾಕು, ಮಂಜೂರಾದ ಹಾಗೇ."

ಎರಡನೆಯ ದಿನ ಬೆಳಿಗ್ಗೆ ಮದ್ದೂರಿಗೆ ಹೊರಟ ಬಸ್ಸಿನಲ್ಲೇ ಹೋಗಿ ಏರಿನ ನೆತ್ತಿಯಲ್ಲಿ ಇಳಿದೆ. ಬಿಸಿಲು ಹಿತವಾಗಿತ್ತು. ರಸ್ತೆಯಿಂದ ಬೋರೆಗೆ ಹೋಗುವ ಗಾಡಿಜಾಡಿನ ಬಾಯಲ್ಲಿ ಆಳೆತ್ತರದ ಒಂದು ಬಿದಿರಿನ ಗಳು ನೆಟ್ಟಿತ್ತು. ಅದರ ತುದಿಗೆ ಒಂದು ಕಂತೆ ಹೊಂಗೆಸೊಪ್ಪು ಕಟ್ಟಿದ್ದರು. ಸೊಪ್ಪು ಒಣಗಿ ಕಂದಾಗಿತ್ತು. ಯಾರೋ ದಾರಿಹೋಕರು ಆಟಕ್ಕೆ ಕಟ್ಟಿದ್ದಿರಬೇಕು ಎಂದುಕೊಂಡೆ. ನೇರವಾದ ಗಳು ಕಂಡರೆ ಲೆಕ್ಕದ ಮೇಷ್ಟ್ರಿಗೆ ಏನು ತೋಚೀತು? ಅದನ್ನು ಕಿತ್ತು, ಛತ್ರಿಯನ್ನು ಪಕ್ಕಕ್ಕಿಟ್ಟು ಅಳೆದೆ, ಎರಡು ಛತ್ರಿಯುದ್ದ, ಆರು ಅಡಿ, ಒಂದು ಅಂಗುಲ ಹೆಚ್ಚಿಲ್ಲ ಕಡಿಮೆಯಿಲ್ಲ. ಅಳತೆಗೋಲೇ ಸಿಕ್ಕಿತಲ್ಲ ಎಂದು ಹಿಗ್ಗಿ ಸೊಪ್ಪಿನ ಕಂತೆಯನ್ನು ಬಿಚ್ಚಿ ಬೇಲಿಗೆ ಎಸೆದೆ. ಆಮೇಲೆ ಗಳು ಮಲಗಿಸುತ್ತಾ ಎತ್ತುತ್ತಾ ನನ್ನ ಭೂಮಿಯನ್ನು ಅಳೆಯುತ್ತಾ ಹೊರಟೆ.

ಇಲ್ಲಿ ಮನೆ, ಇಲ್ಲಿ ಬಾವಿ, ಆ ಬಂಡೆಯ ಪಕ್ಕ ಒಂದು ಮಾವಿನ ಗಿಡ ಎಂದು ಮನಸ್ಸಿನಲ್ಲೇ ನೆಡುತ್ತಾ ಬಹಳ ದೂರ ಬಂದಿದ್ದೆ. ಆಗ ಕೆಳಗಿನ ಇಳಿಜಾರಿನಿಂದ ಯಾರೋ ಕೂಗಿದರು.

"ಸೊಪ್ ಇಳೀತು ಕಣ್ರಲಾ! ಬೋರೆ ಸೊಪ್ ಇಳೀತು!"

ಇನ್ನೊಂದು ಕಡೆಯಿಂದ ಇನ್ನೊಂದು ದನಿ ಅದನ್ನೇ ಕೂಗಿತು. ಆಚೆ ಹಳ್ಳಿಯ ಕಡೆಯಿಂದ ಮತ್ತೊಂದು. ಏನು ಇಳಿಯಿತು, ಎಲ್ಲಿಂದ ಇಳಿಯಿತು ಎಂದು ನಾನು ಯೋಚಿಸುತ್ತಿರುವಾಗಲೇ ನೆಲ ದಡದಡ ಎಂದಿತು. ಹುಲ್ಲಿನ ಮೇಲೆ ಕೊಂಬುಗಳು ಕಾಣಿಸಿದವು. ದನ, ಎಮ್ಮೆ, ಕುರಿ, ಕತ್ತೆಗಳೂ ಸೇರಿ ಮೂರು ದಿಕ್ಕಿನಿಂದ ನುಗ್ಗಿ ಬರುತ್ತಿದ್ದವು. ಅಯ್ಯೋ ದೇವರೇ ಎಂದು ಬಂಡೆ ಹತ್ತಿದೆ. 'ಹೋಯ್, ಹೋಯ್' ಎಂದು ಗಳುವನ್ನು ಬೀಸಿದೆ, ಅದು ಕೈಜಾರಿ ಕೆಳಗೆ ಬಿತ್ತು. ಎಮ್ಮೆಯೊಂದು ಅದರ ಮೇಲೆ ಕಾಲಿಟ್ಟು ಲಟಕ್ಕನೆ ಮುರಿದು, ನನ್ನನ್ನೊಮ್ಮೆ ನೋಡಿ, ಹುಲ್ಲಿಗೆ ಬಾಯಿ ಹಾಕಿತು.

ದನ ಕಾಯುವವರು ಹಿಂದೆಯೇ ಓಡಿಬಂದರು. ಅವರಲ್ಲೊಬ್ಬ ಬಂಡೆಯ ಬುಡದಲ್ಲಿ ನಿಂತು ಕೇಳಿದ, "ಸೊಪ್ ಇಳಿಸ್ದೋರು ಯಾರು ಬುದ್ದಿ? ಯಜಮಾನ್ರು ಏಳುದ್ರಾ?"

"ಯಾವ ಯಜಮಾನರು? ನಾನೇ ಕಿತ್ತದ್ದು. ಅಳೆಯುವುದಕ್ಕೆ ಬೇಕಾಗಿತ್ತು," ಎಂದೆ.

ಅವನು ಹಿಂದಕ್ಕೆ ತಿರುಗಿ, "ಲೇ! ಸುಳ್ ಸೊಪ್ಪು ಕಣ್ರಲಾ! ಅಟ್ರಲಾ ದನವಾ!" ಎಂದು ಕಿರುಚಿದ.

ಮುಂದೆ ನಡೆದದ್ದನ್ನು ನಾನು ಬಂಡೆಯ ಮೇಲಿನಿಂದಲೇ ನೋಡಿದೆ. ಮುಂಗಾರಿನಿಂದ ಆಸೆಪಟ್ಟು ಕಾದಿದ್ದ ದನಗಳು ಹಸಿಹುಲ್ಲಿಗೆ ಬಾಯಿ ಇಟ್ಟಿದ್ದವು. ಅವುಗಳನ್ನು ಅವುಗಳ ಒಡೆಯರೇ ಬಡಿದು, ಬೈದು, ಬಾಲ ತಿರುಚಿ ಹಿಂದಕ್ಕೆ ಅಟ್ಟಿದರು. ಹೇಗೂ ಒಳಗೆ ಬಂದಿವೆ, ಒಂದು ಗಳಿಗೆ ಮೇಯಲಿ ಎಂದು ಒಬ್ಬನೂ ಹೇಳಲಿಲ್ಲ. ಒಬ್ಬ ಮುದುಕನಂತೂ ತನ್ನ ಹಸುವಿನ ಬಾಯಿಂದ ಹುಲ್ಲಿನ ಎಳೆಯನ್ನು ಎಳೆದು ಕೆಳಗೆ ಹಾಕಿದ. ನಮ್ಮ ಶಾಲೆಯಲ್ಲಿ ಗಂಟೆ ತಪ್ಪಿ ಹೊಡೆದರೆ ಹುಡುಗರು ವಾಪಸು ಬರುವುದಿರಲಿ, ಮೇಷ್ಟ್ರುಗಳೇ ಬರುವುದಿಲ್ಲ. ಬಯಲು ಖಾಲಿಯಾಗುವಾಗ ಮಧ್ಯಾಹ್ನವಾಗಿತ್ತು.

ಪಕ್ಕದ ಹಳ್ಳಿ ಸೋರೆಪುರ. ಅಲ್ಲಿಯ ಯಜಮಾನ ಸಿದ್ದೇಗೌಡರು ಬಂದು ಹೊಂಗೆಮರದ ಕೆಳಗೆ ಕೂತರು. ಆಚೆಯ ಎರಡು ಹಳ್ಳಿಗಳಿಂದಲೂ ಒಬ್ಬೊಬ್ಬರು ಬಂದರು. ನನ್ನನ್ನು ಮರ್ಯಾದೆಯಿಂದಲೇ ಬೇರಿನ ಮೇಲೆ ಕೂರಿಸಿದರು. ಗೌಡರು ನಿಧಾನದ ಮನುಷ್ಯ, ಒಂದೊಂದು ಮಾತಿಗೂ ಮೊದಲು ಮೀಸೆ ಸವರುವವರು.

"ನೋಡಿ ಸ್ವಾಮಿ, ಈ ಬೋರೆ ಮೂರೂರ್ದು. ಇದ್ರಲ್ಲಿ ಎರಡು ಪಾಲು. ಮೇಗ್ಲು ಬೋರೆ, ಕೆಳಗ್ಲು ಬೋರೆ. ಒಂದೊರ್ಸ ಇದು ಮುಚ್ತೀವಿ, ಒಂದೊರ್ಸ ಅದು. ಮುಂಗಾರು ಬಿದ್ದ ದಿನ ಸೊಪ್ಪು ಏರಿಸ್ತೀವಿ, ದೀಪಾವಳಿ ಪಾಡ್ಯದ್ ದಿನ ಇಳಿಸ್ತೀವಿ. ಅಲ್ಲೀಗಂಟ ಒಂದ್ ಕುರಿಮರೀನೂ ಒಳೀಕೆ ಬರಂಗಿಲ್ಲ. ಇಳಿಸಿದ್ ಮ್ಯಾಕೆ ಮೂರ್ ದಿನ ಕುಡ್ಲು, ಮನೇಗೊಬ್ರು ಕುಯ್ಕತಾರೆ. ಆಮೇಕೆ ದನ. ಬ್ಯಾಸಗೇಲಿ ಮೂರೂರ್ ದನ ಉಳಿಯೋದು ಈ ಉಲ್ಲಿನ್ ಮ್ಯಾಲೇಯ."

ಆಗ ನನಗೆ ಅರ್ಥವಾಯಿತು. ನಾನೂ ಶ್ರೀಕಂಠನೂ ಒಂದು ದನವೂ ಮೇಯದ ಜಾಗ ಎಂದು ಕುಣಿದಾಡಿದ್ದು ದನ ಮೇಯದ ಹಾಗೆ ಕಾದ ಜಾಗವನ್ನು ನೋಡಿ. ನಾಚಿಕೆಯಾಯಿತು. ಆದರೆ ಅರ್ಜಿಯ ಮಾತು ಬಾಯಿಗೆ ಬರಲಿಲ್ಲ. ಮೇಷ್ಟ್ರು, ಬೆಂಗಳೂರು, ಸುಮ್ಮನೆ ಜಾಗ ನೋಡಲು ಬಂದವನು ಎಂದಷ್ಟೇ ಹೇಳಿದೆ.

ಅಷ್ಟರಲ್ಲಿ ಖಾಲಿ ಬೆಣ್ಣೆಗಡಿಗೆ ತಲೆಯ ಮೇಲೆ ಹೊತ್ತು ರಸ್ತೆಯ ಕಡೆಯಿಂದ ಒಬ್ಬಳು ಬಿರುಸಾಗಿ ಬಂದಳು. ಐವತ್ತರ ಹತ್ತಿರದ ವಯಸ್ಸು, ಒಣಕಲು ಮೈ. ಕೆಂಪಮ್ಮ ಎಂದು ಹೆಸರು. ಆ ವರ್ಷ ಬೋರೆಯ ಕಾವಲು ಅವಳದು.

"ಯಾವನ್ಲಾ ಅವ್ನು ನನ್ ಸೊಪ್ಪು ಕಿತ್ತೋನು? ಬೆಣ್ಣೆ ಕೊಟ್ಟು ಬರಾಗಂಟ ತಡಕಳಕ್ಕಾಗ್ನಿಲ್ವಾ?" ಎಂದವಳು ನನ್ನ ಕೋಟು ನೋಡಿ ಬಹುವಚನಕ್ಕೆ ಬಂದಳು. "ನೀವಾ? ಕನ್ನಡ್ಕ ಆಕ್ಕಂಡೂ ಕಣ್ ಕಾಣಕಿಲ್ವಾ ನಿಮ್ಗೆ?"

"ಅದು ಸೊಪ್ಪಲ್ಲ, ತರಗು. ಒಣಗಿತ್ತು," ಎಂದೆ ನಾನೂ ಬಿಡದೆ.

"ವಾರ ವಾರ ಸ್ವಾಮಾರದ್ ದಿನ ಬದ್ಲಾಯಿಸ್ತೀನಿ. ಒಣಗಿದ್ರೆ ಸೊಪ್ಪು ಸೊಪ್ಪಲ್ವಾ?"

ಗೌಡರು ಕೈಯೆತ್ತಿದರು. ತೀರ್ಪಾಯಿತು. ಅಲ್ಲಿಯ ರೂಢಿಯಂತೆ ಹೊತ್ತಿಲ್ಲದ ಹೊತ್ತಿನಲ್ಲಿ ಸೊಪ್ಪು ಇಳಿಸಿದವರು ತಮ್ಮ ಕೈಯಿಂದಲೇ ಅದನ್ನು ಮತ್ತೆ ಏರಿಸಬೇಕು, ಮಾರನೆಯ ದಿನ ಹೊತ್ತು ಮುಳುಗುವವರೆಗೆ ಕಾವಲು ನಿಲ್ಲಬೇಕು. ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಹಿಂದೊಮ್ಮೆ ಗೌಡರ ಸ್ವಂತ ಭಾಮೈದನೇ ನಿಂತಿದ್ದನಂತೆ.

"ಆಗಲಿ," ಎಂದೆ. ಆದರೆ ಏರಿಸುವುದಕ್ಕೆ ಗಳು ಎಲ್ಲಿದೆ? ಮುರಿದು ಬಿದ್ದಿದೆ. ಬಿದಿರು ತರಲು ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ಇನ್ಯಾರ ದನವೋ ನುಗ್ಗೀತು. ಕೆಂಪಮ್ಮ ಅತ್ತಿತ್ತ ನೋಡಿದಳು. ಅವಳ ಕಣ್ಣು ನನ್ನ ಛತ್ರಿಯ ಮೇಲೆ ನಿಂತಿತು.

"ಅದು ಬೇಡ," ಎಂದೆ ತಕ್ಷಣ.

"ಯಾಕ್ ಬ್ಯಾಡ? ಕೊಕ್ಕೆನೂ ಅದೆ, ಸೊಪ್ಪು ತಗಲಾಕಕ್ಕೆ ಮಾಡ್ಸಿದಂಗದೆ."

"ಅದು ನಮ್ಮ ಮಾವನವರು ಕೊಟ್ಟದ್ದು!"

"ಮಾವ ಕೊಟ್ಟದ್ದು ಅಳಿಯನ್ ತಪ್ಗಲ್ದೆ ಇನ್ಯಾರ್ ತಪ್ಗಾಯ್ತದೆ?" ಎಂದಳು. ಗೌಡರೂ ಮೀಸೆಯೊಳಗೆ ನಕ್ಕರು.

ಹೀಗೆ ನಾನೇ ನನ್ನ ಕೈಯಾರೆ ಗಾಡಿಜಾಡಿನ ಬಾಯಲ್ಲಿ ಗುಳಿ ತೋಡಿ ಛತ್ರಿಯನ್ನು ಮೂತಿ ಕೆಳಗಾಗಿ ನೆಟ್ಟು, ಸುತ್ತ ಕಲ್ಲು ಗಿಡಿದು, ಕೊಕ್ಕೆಗೆ ಹಸಿ ಹೊಂಗೆಸೊಪ್ಪಿನ ಕಂತೆ ಕಟ್ಟಿದೆ. ನೆಟ್ಟ ಮೇಲೆ ಗೌಡರು ಒಂದು ಮಾತು ಹೇಳಿದರು. ಸೊಪ್ಪು ಕಟ್ಟಿದ ಗಳುವನ್ನು ಪಾಡ್ಯದ ದಿನದವರೆಗೆ ಯಾರೂ ಕೀಳುವ ಹಾಗಿಲ್ಲ, ಕಿತ್ತರೆ ಮತ್ತೆ ಮೊದಲಿನ ಕಥೆಯೇ. ಹಬ್ಬಕ್ಕೆ ಇನ್ನೂ ಇಪ್ಪತ್ತು ದಿನವಿತ್ತು.

ಆ ಸಂಜೆ ಗೌಡರ ಜಗಲಿಯಲ್ಲಿ ರಾಗಿಮುದ್ದೆ, ಉಪ್ಸಾರು. ಅಗಿಯದೆ ನುಂಗಬೇಕು ಎಂದು ಗೌಡರೇ ಹೇಳಿಕೊಟ್ಟರು. ಎರಡು ಮುದ್ದೆ ಉಂಡೆ. ಇದು ಮಡಿವಂತರಾದ ನನ್ನ ಅತ್ತೆಯವರಿಗೆ ತಿಳಿಯಬೇಕಾಗಿಲ್ಲ. ಮಳವಳ್ಳಿಗೆ ಹೊರಟಿದ್ದ ಗಾಡಿಯವನೊಬ್ಬನ ಕೈಯಲ್ಲಿ ಶ್ರೀಕಂಠನಿಗೆ 'ಇಲ್ಲೇ ಇದ್ದೇನೆ, ಕ್ಷೇಮ' ಎಂದು ಚೀಟಿ ಕಳಿಸಿದೆ. ಕಾವಲಿನ ವಿಷಯ ಬರೆಯಲು ಮುಖವಿರಲಿಲ್ಲ.

ಮೂರನೆಯ ದಿನ ಬೆಳಗಾಗುತ್ತಲೇ ಕಾವಲು ನಿಂತೆ. ಕಾವಲು ಎಂದರೆ ಸುಮ್ಮನೆ ನಿಲ್ಲುವುದು ಎಂದುಕೊಂಡಿದ್ದೆ. ಸೊಪ್ಪು ಕಂಡರೆ ಮೂರು ಹಳ್ಳಿಯವರು ತಾವಾಗಿಯೇ ಪಕ್ಕಕ್ಕೆ ಹೋಗುತ್ತಿದ್ದರು, ನಿಜ. ಆದರೆ ದನಕ್ಕೆ ಸೊಪ್ಪಿನ ಶಾಸ್ತ್ರ ಗೊತ್ತಿಲ್ಲ. ಒಂದು ಕಪ್ಪು ಕರು ನಾನು ಎಡಕ್ಕೆ ಓಡಿದರೆ ಬಲಕ್ಕೆ, ಬಲಕ್ಕೆ ಓಡಿದರೆ ಎಡಕ್ಕೆ ನುಸುಳಿ ಗಂಟೆಗಟ್ಟಲೆ ನನ್ನ ಮಾನ ಕಳೆಯಿತು. ಮೂವತ್ತು ಹುಡುಗರ ತರಗತಿ ಆಳಿದ ಗಂಟಲು ಅದರ ಮುಂದೆ ನಡೆಯಲಿಲ್ಲ. ಕೆಂಪಮ್ಮ ದಿಣ್ಣೆಯ ಮೇಲೆ ಕೂತು ನೋಡಿ ನೋಡಿ ನಕ್ಕಳು. ಕೊನೆಗೆ ಬಾಯಲ್ಲಿ ಒಂದು ಸದ್ದು ಮಾಡಿದಳು, ಕರು ಕಿವಿ ತಗ್ಗಿಸಿಕೊಂಡು ಹೊರಟುಹೋಯಿತು.

ಬಿಸಿಲೇರಿದಾಗ ಅವಳೇ ಮಜ್ಜಿಗೆ ಕೊಟ್ಟಳು. ಎರಡು ಎಮ್ಮೆ ಅವಳ ಆಸ್ತಿ. ಗಂಡ ಸತ್ತ ಮೇಲೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದು ಆ ಎಮ್ಮೆಗಳ ಬೆಣ್ಣೆಯಿಂದ. ಕಾವಲಿಗೆ ಕೂಲಿ ಇಲ್ಲ, ಪಾಡ್ಯದ ದಿನ ಎಲ್ಲರಿಗಿಂತ ಮೊದಲು ಎರಡು ಹೊರೆ ಹುಲ್ಲು ಕುಯ್ಯುವ ಹಕ್ಕು ಮಾತ್ರ.

"ಒಲ ಅಂತ ನಂಗೆ ಒಂದ್ ಗುಂಟೆ ಇಲ್ಲ ಸ್ವಾಮಿ. ಈ ಬೋರೆನೇ ನನ್ನೊಲ," ಎಂದಳು. ತಲೆಯ ಮೇಲೆ ಹಾದುಹೋಗುವ ತಂತಿ ತೋರಿಸಿ, "ಅದ್ರಲ್ಲಿ ಕರೆಂಟು ಓಯ್ತದಂತೆ. ನಮ್ ತಲೆ ಮ್ಯಾಲೇ ಓಯ್ತದೆ, ನಮ್ಮಟ್ಟೀಗೆ ಬರಕಿಲ್ಲ. ಬರ್ದೆ ಓಗ್ಲಿ. ಉಲ್ಲೊಂದಿದ್ರೆ ಸಾಕು."

"ಯಾರಾದರೂ ಬಂದು ಈ ಬೋರೆಯನ್ನು ಉತ್ತುಬಿಟ್ಟರೆ?" ಎಂದು ಕೇಳಿದೆ. ಕೇಳಬಾರದಿತ್ತು.

ಅವಳು ಮಜ್ಜಿಗೆಯ ಚೊಂಬು ಕೆಳಗಿಟ್ಟಳು. "ಅದೇ ಸುದ್ದಿ ಕಣೇಳಿ ಈಗ. ಯಾರೋ ಬೆಂಗ್ಳೂರ್ನೋನು ಅರ್ಜಿ ಕೊಟ್ಟವ್ನಂತೆ, ಸಾನುಬೋಗ್ರು ಏಳ್ತಿದ್ರು. ಕೊಟ್ರೆ ನನ್ ಎಮ್ಮೆ ಎರಡ್ನೂ ಸಂತೆಗೊಡೀಬೇಕು. ಆಮ್ಯಾಕೆ ನಾನು ಮಂಡ್ಯಕ್ಕೋಗಿ ಯಾರ್ದೋ ಗದ್ದೇಲಿ ಕಬ್ ಕಡೀಬೇಕು, ಈ ವಯಸ್ನಲ್ಲಿ. ಅವ್ನ್ ಮೊಕ ಒಂದಪ ನೋಡ್ಬೇಕು ಸ್ವಾಮಿ ನಾನು. ಯೆಂಗವ್ನೆ ಅಂತ."

ನಾನು ಎದ್ದು ಇಲ್ಲದ ಕರುವನ್ನು ಅಟ್ಟುವ ನೆಪದಲ್ಲಿ ದೂರ ಹೋದೆ.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಮಳವಳ್ಳಿಯ ಕಡೆಯಿಂದ ಜಟಕಾ ಬಂತು. ಶ್ರೀಕಂಠ ಇಳಿದ, ಹಿಂದೆ ಶೇಕ್ದಾರರು ಇಳಿದರು. ದಣಿದ ಮುಖದ ವಯಸ್ಸಾದ ಅಧಿಕಾರಿ, ಕಂಕುಳಲ್ಲಿ ಕಾಗದದ ಕಟ್ಟು. ನಾನು ಬಂಡೆಯ ಆಚೆಗಿದ್ದೆ, ಅವರಿಗೆ ಕಾಣಲಿಲ್ಲ. ಶ್ರೀಕಂಠನ ದನಿ ಮಾತ್ರ ಚೆನ್ನಾಗಿ ಕೇಳಿಸಿತು.

"ನೋಡಿ ಸಾರ್, ಎಷ್ಟು ದೂರ ನೋಡಿದ್ರೂ ಒಂದು ಕರು ಇಲ್ಲ. ಪಾಳು ಬಿದ್ದಿದೆ. ಕೇಳೋರು ಹೇಳೋರು ಇಲ್ಲ."

ಜಟಕಾದವನು ಕುದುರೆ ಬಿಚ್ಚಿದ. ಕುದುರೆ ಎರಡು ಹೆಜ್ಜೆ ಇಟ್ಟು ನನ್ನ ಛತ್ರಿಯನ್ನು ದಾಟಿ ಹುಲ್ಲಿಗೆ ಕತ್ತು ಚಾಚಿತು. ಯೋಚನೆ ಮಾಡಲು ನನಗೆ ಪುರಸತ್ತು ಸಿಗಲಿಲ್ಲ. ಬೆಳಗಿನಿಂದ ಮಾಡಿದ್ದೇ ಅದು, ಕಾಲು ತಾನಾಗಿ ಓಡಿತು.

"ಏಯ್, ಕುದುರೆ ಹಿಡಿಯೋ! ಸೊಪ್ಪು ಕಾಣಿಸೋದಿಲ್ವೇನೋ ನಿನಗೆ? ಮುಚ್ಚಿದ ಬೋರೆ ಇದು!"

ಧೋತ್ರ ಮೊಣಕಾಲಿಗೆ ಕಟ್ಟಿ, ತಲೆಗೆ ಟವಲು ಸುತ್ತಿ, ಕೈಯಲ್ಲಿ ಕೋಲು ಹಿಡಿದು ಓಡಿಬಂದ ನನ್ನನ್ನು ಶ್ರೀಕಂಠ ಮೊದಲು ಗುರುತಿಸಲಿಲ್ಲ. ಗುರುತಿಸಿದ ಮೇಲೆ ಅವನ ಮುಖ ನೋಡುವ ಹಾಗಿತ್ತು.

"ಭಾವ? ಏನಿದು ವೇಷ?"

"ಭಾವನೇ?" ಎಂದರು ಶೇಕ್ದಾರರು. "ಅಂದರೆ ಅರ್ಜಿದಾರರು ಇವರೇನಾ?"

ಕೆಂಪಮ್ಮ ದಿಣ್ಣೆಯಿಂದ ಇಳಿದು ಬಂದಿದ್ದಳು. ಅರ್ಜಿದಾರರು ಎಂಬ ಮಾತು ಅವಳ ಕಿವಿಗೆ ಬಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆ ನೋಟಕ್ಕಿಂತ ಬೈಗುಳವೇ ವಾಸಿಯಾಗಿತ್ತು.

"ಹೌದು. ಅರ್ಜಿದಾರ ನಾನೇ. ಈವತ್ತು ಇಲ್ಲಿನ ಕಾವಲೂ ನಾನೇ," ಎಂದೆ.

ಶೇಕ್ದಾರರು ಕನ್ನಡಕ ಸರಿಮಾಡಿಕೊಂಡರು. "ನಮ್ಮ ದಾಖಲೆಯಲ್ಲಿ ಇದು ಗೋಮಾಳ ಅಂತ ಇಲ್ಲ ಮೇಷ್ಟ್ರೇ. ಬೀಳು ಅಂತಿದೆ. ನೀವೂ ಅರ್ಜಿಯಲ್ಲಿ ಹಾಗೇ ಬರೆದಿದ್ದೀರಿ, ಯಾರೂ ಬಳಸದ ಜಾಗ ಅಂತ. ಈಗ ನೀವೇ ಕಾವಲು ಅಂತೀರಿ. ನಾನು ಏನಂತ ಬರ್ಕೊಳ್ಳಲಿ? ಬಳಸ್ತಾರಾ, ಇಲ್ವಾ?"

ನನ್ನ ಕಣ್ಣ ಮುಂದೆ ಆರನೆಯ ಬಾಡಿಗೆ ಮನೆ ಬಂ‌ತು. ಹೆಂಡತಿಯ ಮಡಿಲಿನ ಕುಂಡ ಬಂತು. ಹಿಂದಿನ ದಿನ ಮನಸ್ಸಿನಲ್ಲಿ ನೆಟ್ಟ ಮಾವಿನ ಗಿಡವೂ ಬಂತು. 'ಇಲ್ಲ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹತ್ತು ಎಕರೆ. ಆ ಆಸೆ ನನಗಿರಲಿಲ್ಲ ಎಂದು ಬರೆದರೆ ಅದು ಹೆಡ್‌ಮಾಸ್ತರರಿಗೆ ಹೇಳಿದ ಸುಳ್ಳಿಗಿಂತ ದೊಡ್ಡ ಸುಳ್ಳಾಗುತ್ತದೆ. ಆದರೆ ತನ್ನ ಹಸುವಿನ ಬಾಯಿಂದ ಹುಲ್ಲು ಎಳೆದು ಹಾಕಿದ ಆ ಮುದುಕನನ್ನು ನಾನು ಕಣ್ಣಾರೆ ನೋಡಿದ್ದೆನಲ್ಲ.

"ಬಳಸ್ತಾರೆ," ಎಂದೆ. "ಮೂರು ಊರಿನವರು ಬಳಸ್ತಾರೆ. ಹುಲ್ಲು ಬೆಳೀಲಿ ಅಂತ ಈಗ ಮುಚ್ಚಿದಾರೆ. ನಾನು ಬರೆದದ್ದು ತಪ್ಪು. ಅರ್ಜಿ ವಾಪಸು ತಗೋತೀನಿ."

"ಹಾಗಂತ ಬರೆದು ರುಜು ಹಾಕಿ ಕೊಡಿ. ಅರ್ಜಿದಾರನೇ ಬರೆದುಕೊಟ್ಟ ಮಾತಿಗೆ ತೂಕ ಜಾಸ್ತಿ. ದನಕ್ಕೆ ಬಿಟ್ಟ ಜಾಗ ಅಂತ ನಾನು ವರದಿ ಮಾಡ್ತೀನಿ. ಮುಂದಿನದು ಅಮಲ್ದಾರರಿಗೆ ಬಿಟ್ಟದ್ದು," ಎಂದರು ಶೇಕ್ದಾರರು. ಜಟಕಾದ ಮೆಟ್ಟಿಲ ಮೇಲೆ ಕಾಗದ ಇಟ್ಟು ಬರೆದೆ. ನನ್ನ ಅಕ್ಷರ ಎಂದೂ ಅಷ್ಟು ಸೊಟ್ಟಗೆ ಬಂದದ್ದಿಲ್ಲ.

ಶ್ರೀಕಂಠ ನನ್ನನ್ನು ಪಕ್ಕಕ್ಕೆ ಎಳೆದ. "ನಿಮಗೆ ತಲೆ ಕೆಟ್ಟಿದೆಯಾ ಭಾವ? ಅಕ್ಕನಿಗೆ ಏನಂತ ಹೇಳ್ಲಿ ನಾನು?"

ಅವನಿಗೆ ಉತ್ತರ ಕೊಟ್ಟವಳು ಕೆಂಪಮ್ಮ. "ನಾಳೆ ಬೆಣ್ಣೆ ಎಷ್ಟ್ ತರ್ಲಿ ಅಂತ ನಿಮ್ಮನೇಲಿ ಕೇಳಿ ಸ್ವಾಮಿ. ಈ ಉಲ್ ಮೇಯ್ದಿದ್ ಎಮ್ಮೇದೇ ನೀವ್ ಐದೊರ್ಸದಿಂದ ತಿಂತಿರೋದು." ಶ್ರೀಕಂಠ ಅವಳನ್ನು ಆಗ ಸರಿಯಾಗಿ ನೋಡಿದ. ಆಮೇಲೆ ಜಟಕಾ ಹತ್ತಿದ. ನನ್ನ ಹೊಟ್ಟೆಯೊಳಗೂ ಆ ಬೆಣ್ಣೆ ಇತ್ತು.

ಅವರು ಹೋದ ಮೇಲೆ ನಾವಿಬ್ಬರೇ ಉಳಿದೆವು. ನಾನು ತಲೆಯ ಟವಲು ಬಿಚ್ಚಿ ಮುಖ ಒರೆಸಿಕೊಂಡೆ.

"ಅವನ ಮುಖ ನೋಡಬೇಕು ಅಂದಿದ್ದೆಯಲ್ಲ ಕೆಂಪಮ್ಮ," ಎಂದೆ.

"ನೋಡ್ದೆ ಬುಡಿ," ಎಂದಳು. ಆಮೇಲೆ ಪಡುವಲಿಗೆ ಕೈ ತೋರಿಸಿದಳು. "ಒತ್ತು ಮುಳುಗಾಕೆ ಇನ್ನೂ ಎರಡ್ ಮಾರು ಅದೆ. ಓಗಿ, ಕಾವಲು ನಿಂತ್ಕಳಿ. ಆ ಕರಿಕರ ಬಂತು ನೋಡಿ ಅಲ್ಲಿ."

ಹೊತ್ತು ಮುಳುಗುವವರೆಗೆ ನಿಂತೆ. ಹೊರಡುವಾಗ ಹೆಂಡತಿಯ ಮಾತು ನೆನಪಾಗಿ, ನಾಚಿಕೊಳ್ಳುತ್ತಲೇ ಒಂದು ಹಿಡಿ ಮಣ್ಣು ಕೇಳಿದೆ. ಕೆಂಪಮ್ಮ ಯಾಕೆ ಎಂದು ಕೇಳಲಿಲ್ಲ. ಸೆಗಣಿ ಬೆರೆತ ಕಪ್ಪು ಮಣ್ಣನ್ನು ಎರಡು ಕೈಯಲ್ಲೂ ಬಾಚಿ ನನ್ನ ಕರವಸ್ತ್ರಕ್ಕೆ ಸುರಿದು ಗಂಟು ಹಾಕಿಕೊಟ್ಟಳು. ಒಂದು ಹಿಡಿಗಿಂತ ಹೆಚ್ಚೇ ಇತ್ತು.

ಆ ರಾತ್ರಿ ಮಳವಳ್ಳಿಯಲ್ಲಿ ಶ್ರೀಕಂಠ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಚೀಲ ಹೊತ್ತು ಬಂದವನು ಮಾತ್ರ ಅವನೇ. ಬಸ್ಸು ಹೊರಡುತ್ತಲೇ ಮಳೆ ಹಿಡಿಯಿತು. ಬಸ್ಸಿನ ಚಾವಣಿ ನಾಲ್ಕು ಕಡೆ ಸೋರುತ್ತಿತ್ತು, ಅದರಲ್ಲೊಂದು ಸರಿಯಾಗಿ ನನ್ನ ನೆತ್ತಿಯ ಮೇಲೆ. ಮಣ್ಣಿನ ಗಂಟು ನೆನೆಯದಿರಲಿ ಎಂದು ಮಡಿಲಲ್ಲಿ ಇಟ್ಟುಕೊಂಡು ಅದರ ಮೇಲೆ ಬಾಗಿ ಕೂತೆ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ಬೆನ್ನು ಪೂರ್ತಿ ತೊಯ್ದಿತ್ತು.

ಏರಿನ ನೆತ್ತಿಯಲ್ಲಿ ಬುಡನ್ ಸಾಬರು ಬಸ್ಸು ನಿಲ್ಲಿಸಿದರು. ಗಾಡಿಜಾಡಿನ ಬಾಯಲ್ಲಿ ನನ್ನ ಛತ್ರಿ ನೆಟ್ಟಗೆ ನಿಂತಿತ್ತು. ಕೊಕ್ಕೆಯಲ್ಲಿ ಹೊಸ ಸೊಪ್ಪು. ಸೋಮವಾರ ಇನ್ನೂ ಬಂದಿರಲಿಲ್ಲ, ಆದರೂ ಕೆಂಪಮ್ಮ ಬದಲಾಯಿಸಿದ್ದಳು. ಅದರ ಹಿಂದೆ ಹುಲ್ಲೆಲ್ಲ ಮಳೆಗೆ ತಲೆಬಾಗಿತ್ತು, ಒಂದು ದನವೂ ಇರಲಿಲ್ಲ. ಸುದ್ದಿ ಸಾಬರಿಗೂ ತಲುಪಿತ್ತು ಎಂದು ಕಾಣುತ್ತದೆ.

"ಪೂರಾ ನೆಂದೋದ್ರಲ್ಲ ಮೇಷ್ಟ್ರೇ. ಛತ್ರಿ ಅಲ್ಲೇ ಐತೆ. ಯಾರೂ ಇಲ್ಲ, ಓಡೋಗಿ ತಂದ್ಬುಡ್ಲಾ?"

"ಬೇಡಿ ಸಾಬರೇ," ಎಂದೆ. "ಹಬ್ಬ ಇನ್ನೂ ಬಂದಿಲ್ಲ."